ಲೆಕ್ಕಶಾಸ್ತ್ರ ಬೋಧನೆಯ ಗುಣಮಟ್ಟ: ವಿದ್ಯಾರ್ಥಿಗಳ ಅಭಿಪ್ರಾಯವನ್ನು ಓದುವ ಬಗೆ

ಬೋಧನೆಯ ಗುಣಾವಗುಣಗಳನ್ನು ಕುರಿತು ವಿದ್ಯಾರ್ಥಿಗಳನ್ನೇ ಕೇಳುವುದು ವಿಶ್ವವಿದ್ಯಾನಿಲಯಗಳಲ್ಲಿ ಈಗ ರೂಢಿಗೆ ಬಂದಿದೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು 2017ರಲ್ಲಿ ತನ್ನ ಪದ್ಧತಿಯನ್ನು ಪರಿಷ್ಕರಿಸಿದಾಗ ವಿದ್ಯಾರ್ಥಿಗಳ ತೃಪ್ತಿಯ ಸಮೀಕ್ಷೆಯನ್ನೂ ಅದರಲ್ಲಿ ಸೇರಿಸಿತು. ಪಾಠಪಟ್ಟಿ ಎಷ್ಟು ಮುಗಿಯಿತು, ಅಧ್ಯಾಪಕರು ವಿಷಯವನ್ನು ಎಷ್ಟು ಚೆನ್ನಾಗಿ ತಿಳಿಸಿದರು ಎಂಬಂತಹ ಅದರ ಪ್ರಶ್ನೆಗಳು ಎಲ್ಲ ಶಾಸ್ತ್ರಗಳ ವಿದ್ಯಾರ್ಥಿಗಳಿಗೂ ಸಮಾನವಾದುವು. ಇಂತಹ ಉತ್ತರಗಳಿಂದ ಲೆಕ್ಕಶಾಸ್ತ್ರದ ಬೋಧನೆಯನ್ನು ಎಷ್ಟರಮಟ್ಟಿಗೆ ಅಳೆಯಬಹುದೆಂಬುದನ್ನು ಇಲ್ಲಿ ವಿಚಾರ ಮಾಡಿದ್ದೇವೆ.

ನಮ್ಮ ಶಾಸ್ತ್ರವೇ ಈ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ತಾಳೆಪಟ್ಟಿಯ ಎರಡು ಬದಿಗಳ ಮೊತ್ತ ಕೂಡಿದ ಮಾತ್ರಕ್ಕೆ ಲೆಕ್ಕ ಸರಿಯಾಯಿತೆಂದು ಹೇಳಲಾಗದು. ಬರೆಯದೆಯೇ ಬಿಟ್ಟ ವ್ಯವಹಾರ ಅದರಲ್ಲಿ ಕಾಣದು. ಯಂತ್ರದ ಖರೀದಿಯನ್ನು ದುರಸ್ತಿಯ ಖರ್ಚೆಂದು ಬರೆದರೂ ಮೊತ್ತ ಕೂಡುವುದು. ಒಂದು ತಪ್ಪನ್ನು ಇನ್ನೊಂದು ತಪ್ಪು ಸರಿದೂಗಿಸುವುದೂ ಉಂಟು. ಅಭಿಪ್ರಾಯಗಳ ಸರಾಸರಿಯೂ ಹಾಗೆಯೇ. 1ರಿಂದ 5ರವರೆಗಿನ ಮಾಪಕದಲ್ಲಿ ಒಬ್ಬನು 5, ಇನ್ನೊಬ್ಬನು 1 ಎಂದರೆ ಸರಾಸರಿ 3. ಇಬ್ಬರೂ 3 ಎಂದರೂ ಅದೇ 3.

ಸರಾಸರಿಯಲ್ಲಿ ಮರೆಯಾಗುವುದೇನೆಂಬುದಕ್ಕೆ ಒಂದು ನಿದರ್ಶನ ಸಾಕು. ಪದವಿಪೂರ್ವ ತರಗತಿಯಲ್ಲಿ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿನಿ ತಾಳೆಪಟ್ಟಿಯನ್ನು ತಪ್ಪಿಲ್ಲದೆ ತಯಾರಿಸಬಲ್ಲಳು. ಬಿ.ಕಾಂ. ತರಗತಿಯಲ್ಲಿ ಅದೇ ಪಟ್ಟಿ ಟ್ರಯಲ್ ಬ್ಯಾಲೆನ್ಸ್ ಎಂಬ ಹೆಸರಿನಲ್ಲಿ ಎದುರಾದಾಗ, ಇದು ತನಗೆ ಬಾರದ ಹೊಸ ವಿಷಯವೆಂದು ಭಾವಿಸಿ ಮೌನವಾಗುವುದುಂಟು. ಆದರೂ ‘ಪಾಠ ಸ್ಪಷ್ಟವಾಗಿತ್ತೇ?’ ಎಂಬ ಪ್ರಶ್ನೆಗೆ ಆಕೆ ಪೂರ್ಣಾಂಕವನ್ನೇ ಕೊಟ್ಟಾಳು. ಅದಕ್ಕೆ ಗುರುಗಳ ಮೇಲಿನ ಗೌರವ ಒಂದು ಕಾರಣ. ಅರ್ಥವಾಗದಿದ್ದುದು ತನ್ನದೇ ಕೊರತೆಯೆಂಬ ನಂಬಿಕೆ ಇನ್ನೊಂದು. ಅಂಕವೇನೋ ನಮಗೆ ಹಿತವಾಗಿಯೇ ಇರುವುದು. ಆಕೆಯ ತೊಡಕು ಮಾತ್ರ, ಬರೆಯದೆ ಬಿಟ್ಟ ವ್ಯವಹಾರದಂತೆ, ಪುಸ್ತಕದ ಹೊರಗೇ ಉಳಿಯುವುದು.

ಹಾಗೆಂದು ವಿದ್ಯಾರ್ಥಿಗಳ ಮಾತನ್ನು ತಳ್ಳಿಹಾಕಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ತಿದ್ದಿದ ಉತ್ತರಪತ್ರಿಕೆ ಸಕಾಲದಲ್ಲಿ ಮರಳಿತೇ, ತಪ್ಪು ಎಲ್ಲಿ ನಡೆಯಿತೆಂಬುದನ್ನು ತೋರಿಸಿದರೇ, ನಿಜವಾದ ರಸೀದಿಯನ್ನು ಮುಂದಿಟ್ಟು ಲೆಕ್ಕ ಬರೆಸಿದರೇ ಎಂಬುದಕ್ಕೆ ಅವರಿಗಿಂತ ಉತ್ತಮ ಸಾಕ್ಷಿಗಳಿಲ್ಲ. ಆದರೆ 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಪಾಠ ಅಂಗಡಿಯ ಲೆಕ್ಕಕ್ಕೆ ಸಾಕಾಗುವುದೇ ಎಂಬುದನ್ನು, ಒಂದು ವರ್ಷ ಕೆಲಸದಲ್ಲಿದ್ದು ಲೆಕ್ಕ ಬರೆದವರು ಹೇಳಬೇಕೇ ಹೊರತು ಬೆಂಚಿನ ಮೇಲೆ ಕುಳಿತಿರುವವರಲ್ಲ. ಆ ಪ್ರಶ್ನೆಯನ್ನು ಅವರಿಗಾಗಿಯೇ ಕಾದಿರಿಸುವುದು ಮೇಲು.

ತರಗತಿಯಲ್ಲಿರುವವರಿಗೆ ಪ್ರಶ್ನಾವಳಿಯನ್ನು ಕನ್ನಡದಲ್ಲಿಯೂ ಒದಗಿಸಿ, ತೃಪ್ತಿಯ ಪ್ರಮಾಣಕ್ಕೆ ಬದಲಾಗಿ ‘ಯಾವ ಲೆಕ್ಕದಲ್ಲಿ, ಯಾವ ಹಂತದಲ್ಲಿ ಕೈ ನಿಂತಿತು?’ ಎಂದು ಕೇಳಬೇಕೆಂದು ಸೂಚಿಸುತ್ತೇವೆ. ಇದರ ಉತ್ತರಗಳಿಗೆ ಸರಾಸರಿ ತೆಗೆಯಲು ಬರುವುದಿಲ್ಲ, ಒಂದೊಂದನ್ನೂ ಓದಬೇಕಾಗುತ್ತದೆ.