ಮಗ್ಗಿ ಮರೆಸಿದ್ದು ಭಯ

ಐದನೇ ತರಗತಿಯಲ್ಲಿದ್ದಾಗ ನನಗೆ ಏಳರ ಮಗ್ಗಿ ಬರುತ್ತಿರಲಿಲ್ಲ. ಹಾಗೆನ್ನುವುದೂ ಪೂರ್ತಿ ನಿಜವಲ್ಲ. ನಂಜನಗೂಡಿನ ನಮ್ಮ ಮನೆಯಲ್ಲಿ ಅಜ್ಜಿಯ ಮುಂದೆ ಗಿಳಿಯಂತೆ ಒಪ್ಪಿಸುತ್ತಿದ್ದೆ. ಶಾಲೆಯಲ್ಲಿ ಮೇಷ್ಟ್ರು ಎದ್ದು ನಿಲ್ಲಿಸಿದರೆ ಸಾಕು, ‘ಏಳ್ ನಾಲ್ಕಲಿ...’ ಎನ್ನುವಷ್ಟರಲ್ಲಿ ಬಾಯಿ ಒಣಗುತ್ತಿತ್ತು. ತರಗತಿಯೆಲ್ಲ ನಗುತ್ತಿತ್ತು. ‘ದಡ್ಡ’ ಎಂಬ ಹೆಸರು ಬಿತ್ತು. ಕ್ರಿಕೆಟ್‌ಗೆ ತಂಡ ಕಟ್ಟುವಾಗಲೂ ನನ್ನನ್ನು ಕರೆಯುತ್ತಿದ್ದುದು ಕೊನೆಗೆ.

ಮರುವರ್ಷ ಅಪ್ಪನ ಕೆಲಸದಿಂದಾಗಿ ಟಿ. ನರಸೀಪುರಕ್ಕೆ ಬಂದೆವು. ಅಲ್ಲಿನ ಟೀಚರ್ ಮೊದಲ ದಿನ ಕೇಳಿದ್ದು ಮಗ್ಗಿಯನ್ನಲ್ಲ, ‘ತಿಂಡಿ ತಿಂದ್ಯೇನೋ?’ ಎಂದು. ವಾರ ಕಳೆದ ಮೇಲೆ ಇಬ್ಬರು ಹುಡುಗರ ಜೊತೆ ನಿಲ್ಲಿಸಿ ಒಟ್ಟಿಗೆ ಹೇಳಿಸಿದರು. ತಿಂಗಳಾಗುವಷ್ಟರಲ್ಲಿ ಒಬ್ಬನೇ ಹೇಳಿದೆ. ಆ ಇಬ್ಬರು ಇಂದಿಗೂ ನನ್ನ ಗೆಳೆಯರು.

ಅದೇ ತಲೆ, ಅದೇ ಮಗ್ಗಿ. ಬದಲಾದದ್ದು ಮನಸ್ಸಿನ ಸ್ಥಿತಿ ಮಾತ್ರ. ಹಿನ್ನೆಲೆಯಲ್ಲಿ ಭಾರಿ ಆ್ಯಪ್ ಓಡುತ್ತಿದ್ದರೆ ಮೊಬೈಲ್ ಹ್ಯಾಂಗ್ ಆಗುತ್ತದಲ್ಲ, ಹಾಗೆಯೇ ಇದು. ಲೆಕ್ಕ ಮಾಡುವಾಗ ಅಂಕಿಗಳನ್ನು ಹಿಡಿದಿಟ್ಟುಕೊಳ್ಳುವ ತಾತ್ಕಾಲಿಕ ನೆನಪಿನ ಜಾಗ ಬಹಳ ಚಿಕ್ಕದು. ಭಯ, ಅವಮಾನ ಅದನ್ನು ಆಕ್ರಮಿಸಿದರೆ ಅಂಕಿಗೆ ಸ್ಥಳವೆಲ್ಲಿ?

ಇದನ್ನು ನಮ್ಮ ಜಿಲ್ಲೆಯ ಶಿಕ್ಷಕರು ಎಂದೋ ಅರಿತಿದ್ದರು. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದ ‘ನಲಿ-ಕಲಿ’ಯಲ್ಲಿ ಮಕ್ಕಳು ಗುಂಪಾಗಿ ಕೂತು ಹಾಡು, ಆಟ, ಕಾರ್ಡುಗಳ ಮೂಲಕ ತಮ್ಮದೇ ವೇಗದಲ್ಲಿ ಕಲಿಯುತ್ತಾರೆ. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಇಷ್ಟೆಲ್ಲ ಗೊತ್ತಿದ್ದೂ ಕಳೆದ ರಜೆಯಲ್ಲಿ ನಾನೇ ಎಡವಿದೆ. ಮಾವನ ಮಗಳಿಗೆ ಭಿನ್ನರಾಶಿ ಹೇಳಿಕೊಡುತ್ತಾ, ‘ಇಷ್ಟೂ ಬರಲ್ವಾ?’ ಎಂದು ರೇಗಿದೆ. ಅವಳ ಪೆನ್ಸಿಲ್ ನಿಂತಿತು, ಕಣ್ಣು ತುಂಬಿತು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು, ಅದು ಐದನೇ ತರಗತಿಯ ನನ್ನದೇ ಮುಖ. ಪುಸ್ತಕ ಮುಚ್ಚಿ ಕ್ಷಮೆ ಕೇಳಿದೆ. ಆ ದಿನ ಲೆಕ್ಕ ಮಾಡಲಿಲ್ಲ. ಮರುದಿನ ಅವಳೇ ಪುಸ್ತಕ ಹಿಡಿದು ಬಂದಳು.

ಕೈಖರ್ಚಿಗಾಗಿ ಟ್ಯೂಷನ್ ಹೇಳುವ, ತಮ್ಮ ತಂಗಿಯರಿಗೆ ಪಾಠ ಮಾಡುವ ಗೆಳೆಯರೇ, ಪುಸ್ತಕ ತೆರೆಯುವ ಮೊದಲು ಎರಡು ನಿಮಿಷ ಮಗುವಿನ ಮುಖ ನೋಡಿ, ‘ಊಟ ಆಯ್ತಾ?’ ಎಂದು ಕೇಳಿ. ಪಾಠ ಅಲ್ಲಿಂದಲೇ ಶುರುವಾಗುತ್ತದೆ.