ನಿಮಗಿದು ಗೊತ್ತೇ? ಉದ್ದೀಪನ ಮದ್ದಿಗೆ ಜನ ಏನಂದರು?

● 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಸುಸ್ತಾದ ಥಾಮಸ್ ಹಿಕ್ಸ್‌ಗೆ ಜೊತೆಗಿದ್ದವರು ಮೊಟ್ಟೆಯ ಬಿಳಿಭಾಗದಲ್ಲಿ ಸ್ಟ್ರಿಕ್ನಿನ್ ವಿಷ ಬೆರೆಸಿ ಕುಡಿಸಿದರು, ಮೇಲೆ ಬ್ರಾಂದಿ. ಯಾರೂ ತಪ್ಪೆನ್ನಲಿಲ್ಲ, ಚಿನ್ನ ಅವರಿಗೇ ಸಿಕ್ಕಿತು. ಮೋಸಗಾರ ಎನಿಸಿಕೊಂಡವರು ಅರ್ಧ ದಾರಿ ಕಾರಿನಲ್ಲಿ ಬಂದ ಫ್ರೆಡ್ ಲೋರ್ಜ್ ಮಾತ್ರ!

● 1967ರ ಟೂರ್ ಡಿ ಫ್ರಾನ್ಸ್‌ನಲ್ಲಿ ಮಾಂಟ್ ವೆಂಟು ಬೆಟ್ಟ ಹತ್ತುವಾಗ ಬ್ರಿಟನ್ನಿನ ಟಾಮ್ ಸಿಂಪ್ಸನ್ ಕುಸಿದು ಸತ್ತರು. ದೇಹದಲ್ಲಿ ಆ್ಯಂಫೆಟಮಿನ್ ಸಿಕ್ಕಿತ್ತು. ಆದರೂ ಜನ ಅವರನ್ನು ದೂರ ಮಾಡಲಿಲ್ಲ. ಅಲ್ಲಿನ ಸ್ಮಾರಕದ ಬಳಿ ಸೈಕಲ್ ಸವಾರರು ಈಗಲೂ ಟೋಪಿ, ನೀರಿನ ಬಾಟಲಿ ಇಟ್ಟು ಹೋಗುತ್ತಾರೆ.

● 2007ರಲ್ಲಿ ಬ್ಯಾರಿ ಬಾಂಡ್ಸ್ 756ನೇ ಹೋಮ್ ರನ್ ಹೊಡೆದು ಬೇಸ್‌ಬಾಲ್ ದಾಖಲೆ ಮುರಿದರು. ಅವರ ಮೇಲೆ ಸ್ಟೆರಾಯ್ಡ್ ಶಂಕೆಯಿತ್ತು. ಆ ಚೆಂಡನ್ನು 7,52,467 ಡಾಲರ್‌ಗೆ ಕೊಂಡ ವಸ್ತ್ರವಿನ್ಯಾಸಕ ಮಾರ್ಕ್ ಎಕೊ, ಏನು ಮಾಡಲಿ ಎಂದು ಜನರನ್ನೇ ಕೇಳಿದರು. ಹಾಗೇ ಮ್ಯೂಸಿಯಂಗೆ ಕೊಡುವುದೇ, ಶಂಕೆಯ ಗುರುತಾಗಿ ನಕ್ಷತ್ರ ಚಿಹ್ನೆ ಒತ್ತುವುದೇ, ಬಾಹ್ಯಾಕಾಶಕ್ಕೆ ಹಾರಿಸುವುದೇ? ಹೆಚ್ಚು ಮತ ನಕ್ಷತ್ರಕ್ಕೆ! ಆ ಗುರುತಿನೊಂದಿಗೇ ಚೆಂಡು ಕೂಪರ್ಸ್‌ಟೌನ್ ಮ್ಯೂಸಿಯಂ ಸೇರಿತು.

● ಅದೇ ವರ್ಷ ಜರ್ಮನ್ ಸವಾರನೊಬ್ಬ ಸಿಕ್ಕಿಬಿದ್ದ ಸುದ್ದಿ ಬಂದಾಗ ಅಲ್ಲಿನ ಎಆರ್‌ಡಿ, ಝಡ್‌ಡಿಎಫ್ ವಾಹಿನಿಗಳು ಟೂರ್ ಡಿ ಫ್ರಾನ್ಸ್ ನೇರಪ್ರಸಾರವನ್ನೇ ನಡುವೆ ನಿಲ್ಲಿಸಿದವು.

● 'ಮದ್ದು ತಿಂದರೆ ಚಿನ್ನ ಖಚಿತ, ಐದೇ ವರ್ಷದಲ್ಲಿ ಸಾವೂ ಖಚಿತ. ತಿನ್ನುವಿರಾ?' 1980ರ ದಶಕದಲ್ಲಿ ಅಮೆರಿಕದ ವೈದ್ಯ ಬಾಬ್ ಗೋಲ್ಡ್‌ಮನ್ ಕೇಳಿದಾಗ ಅರ್ಧದಷ್ಟು ಕ್ರೀಡಾಪಟುಗಳು ಹೂಂ ಎಂದಿದ್ದರು. 2009ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಸಮೀಕ್ಷೆಯಲ್ಲಿ 250 ಸಾಮಾನ್ಯ ಜನರ ಪೈಕಿ ಒಪ್ಪಿದವರು ಇಬ್ಬರೇ!

● 2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನ 100 ಮೀ. ಓಟದಲ್ಲಿ ಉಸೇನ್ ಬೋಲ್ಟ್‌ರನ್ನು ಸೋಲಿಸಿದ ಜಸ್ಟಿನ್ ಗ್ಯಾಟ್ಲಿನ್‌ಗೆ ಸಿಕ್ಕಿದ್ದು ಪ್ರೇಕ್ಷಕರ ಧಿಕ್ಕಾರದ ಕೂಗು. ಅವರು ಹಿಂದೆ ಎರಡು ಬಾರಿ ನಿಷೇಧಕ್ಕೊಳಗಾಗಿದ್ದರು.

● 2003ರ ವಿಶ್ವಕಪ್ ಹೊತ್ತಿಗೆ ಸಿಕ್ಕಿಬಿದ್ದ ಶೇನ್ ವಾರ್ನ್, ತೆಳ್ಳಗೆ ಕಾಣಲೆಂದು ಅಮ್ಮ ಕೊಟ್ಟ ಮಾತ್ರೆ ಅದು ಎಂದರು. ಒಂದು ವರ್ಷ ನಿಷೇಧ ಆಯಿತು. ಜನ ಮಾತ್ರ ಕ್ಷಮಿಸಿದರು. ಮೆಲ್ಬರ್ನ್ ಕ್ರಿಕೆಟ್ ಮೈದಾನದ ಒಂದು ಸ್ಟ್ಯಾಂಡ್‌ಗೆ ಇಂದು ಅವರದೇ ಹೆಸರು.

● 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಮರುವರ್ಷವೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ ನಾಡೇ ಬೆಚ್ಚಿತು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಹೀಗಾಯಿತು ಎಂಬುದು ಅವರ ವಾದ. ಇಲ್ಲಿ ಒಂದು ವರ್ಷವಿದ್ದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಎರಡಕ್ಕೇರಿಸಿತು.

● 2023ರಲ್ಲಿ ಉದ್ದೀಪನ ಮದ್ದು ಪರೀಕ್ಷೆಗೆ ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಅಧಿಕಾರಿಗಳು ಬಂದ ಸುದ್ದಿ ಹಬ್ಬಿದ್ದೇ ತಡ, ದೆಹಲಿ ಅಥ್ಲೆಟಿಕ್ಸ್ ಕೂಟದ 100 ಮೀ. ಫೈನಲ್‌ನಲ್ಲಿ ಓಡಲು ಉಳಿದವರು ಒಬ್ಬರೇ!

● ಮೋಸಗಾರರಿಂದಾಗಿ ಪದಕ ಕೈತಪ್ಪಿದವರಿಗೆ 2024ರಲ್ಲಿ ಪ್ಯಾರಿಸ್‌ನಲ್ಲಿ ಜನರ ಮುಂದೆಯೇ ಪದಕ ತೊಡಿಸಲಾಯಿತು. 400 ಮೀ. ಹರ್ಡಲ್ಸ್‌ನ ಲಶಿಂಡಾ ಡೆಮಸ್‌ಗೆ ಲಂಡನ್ ಒಲಿಂಪಿಕ್ಸ್‌ನ ಚಿನ್ನ ಕೈಸೇರಿದ್ದು 12 ವರ್ಷದ ಬಳಿಕ.

● ಅಮ್ಮ ಕೊಟ್ಟಿದ್ದಿರಲಿ, ಕೋಚ್ ಕೊಟ್ಟಿದ್ದಿರಲಿ, ದೇಹ ಸೇರಿದ್ದಕ್ಕೆ ಕ್ರೀಡಾಪಟುವೇ ಹೊಣೆ ಎನ್ನುತ್ತದೆ ನಿಯಮ. ನಿಮ್ಮ ಮನೆಯಲ್ಲಿ ಓಡುವ, ಕುಸ್ತಿ ಆಡುವ ಮಕ್ಕಳಿದ್ದರೆ ಜಿಮ್‌ನ ಪುಡಿಯನ್ನಾಗಲಿ, ಕೆಮ್ಮಿನ ಸಿರಪ್ಪನ್ನಾಗಲಿ ವೈದ್ಯರನ್ನು ಕೇಳದೆ ಕೊಡಬೇಡಿ. ಪದಕ ಬರದಿದ್ದರೂ ಚಿಂತೆಯಿಲ್ಲ ಎಂದು ಅವರಿಗೆ ಮೊದಲೇ ಹೇಳಿಬಿಡಿ.