ಮಾತು ಕೊಟ್ಟ ಮೇಲೆ, ಮದುವೆಗೆ ಮುನ್ನ

ಮಂಗಳೂರಿನ ಕಡೆಯಿಂದ ಬಂದು ಸೂರತ್ತಿನಲ್ಲಿ ನೌಕರಿ ಹಿಡಿದ ತರುಣನೊಬ್ಬ. ವಡೋದರೆಯ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ಉಡುಪಿ ಸೀಮೆಯ ತರುಣಿಯೊಬ್ಬಳು. ಎರಡು ಮನೆಯವರೂ ಒಪ್ಪಿ ನಿಶ್ಚಿತಾರ್ಥ ನಡೆದಿದೆ. ಮದುವೆಗೆ ಇನ್ನೂ ಎಂಟು ತಿಂಗಳಿವೆ. ಇವರಿಬ್ಬರ ನಡುವೆ ಇರುವುದು ರೈಲಿನ ಎರಡು ಗಂಟೆಗಳ ಹಾದಿ. ಹೆತ್ತವರಾದರೋ ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿದ್ದಾರೆ. ಇಂಥದೊಂದು ಸನ್ನಿವೇಶವನ್ನು ಊಹಿಸಿಕೊಳ್ಳಲು ಗುಜರಾತಿನಲ್ಲಿ ನೆಲಸಿರುವ ನಮ್ಮ ಕ್ರೈಸ್ತ ಬಂಧುಗಳಿಗೆ ಕಷ್ಟವಾಗಲಾರದು. ಈ ಎಂಟು ತಿಂಗಳಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಎಷ್ಟು ಹತ್ತಿರವಾಗಬಹುದು? ಎಲ್ಲಿ ನಿಲ್ಲಬೇಕು? ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಪ್ರಶ್ನೆಯಿದು. ಆಡದಿರುವುದರಿಂದಲೇ ಅನೇಕ ಸಂಕಟಗಳು ಹುಟ್ಟುತ್ತವೆಯಾದ ಕಾರಣ ಇಲ್ಲಿ ಅದನ್ನು ವಿಚಾರಿಸಬೇಕಾಗಿದೆ.

ಊರಿನಲ್ಲಿ ಈ ಗಡಿಯನ್ನು ಕಾಯುತ್ತಿದ್ದವರು ಹಿರಿಯರು. ನಿಶ್ಚಯವಾದ ಹುಡುಗ ಹುಡುಗಿಯರು ಕಾಣುತ್ತಿದ್ದುದು ಅಜ್ಜಿಯೋ ಅತ್ತೆಯೋ ಕುಳಿತಿರುವ ಜಗಲಿಯಲ್ಲಿ. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ‘ರೋಸ್’ ಶಾಸ್ತ್ರವನ್ನು ಸಹ ಮಂಗಳೂರಿನ ಕಥೋಲಿಕರಲ್ಲಿ ವಧುವಿನ ಮನೆಯಲ್ಲೊಂದು, ವರನ ಮನೆಯಲ್ಲೊಂದು ಎಂದು ಬೇರೆಬೇರೆಯಾಗಿ ನಡೆಸುವುದು ರೂಢಿ. ಗುಜರಾತಿನಲ್ಲಿ ಆ ಜಗಲಿಯೂ ಇಲ್ಲ, ಆ ಅಜ್ಜಿಯೂ ಇಲ್ಲ. ನವರಾತ್ರಿಯ ಗರ್ಬಾ ದಿನಗಳಲ್ಲಿ ನಡುರಾತ್ರಿಯವರೆಗೆ ನಗರವೇ ತರುಣರದಾಗಿರುತ್ತದೆ. ಕಾಯುವವರು ಇಲ್ಲವಾದಾಗ ಗಡಿಯೇ ಇಲ್ಲವಾಯಿತೆಂದು ಕೆಲವರು ಭಾವಿಸುತ್ತಾರೆ. ಆದರೆ ಕ್ರೈಸ್ತ ಧರ್ಮದ ಗಡಿ ಹಿರಿಯರ ಕಣ್ಣಿಗೆ ಹೆದರಿ ಹುಟ್ಟಿದ್ದಲ್ಲ.

ದೇಹ ಹೀನವೆಂಬ ಬೋಧೆಯಲ್ಲ

ಶರೀರವನ್ನು ಹೊಲಸೆಂದು ತಿಳಿದು ಈ ನಿಯಮ ಮಾಡಿದರೆಂಬುದು ತಪ್ಪು ತಿಳಿವಳಿಕೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಆರನೆಯ ಅಧ್ಯಾಯದಲ್ಲಿ ದೇಹವನ್ನು ಪವಿತ್ರಾತ್ಮನ ಆಲಯಕ್ಕೆ ಹೋಲಿಸಿದ್ದಾನೆ. ಏಳನೆಯ ಅಧ್ಯಾಯದಲ್ಲಿ ಪತಿಗೆ ಪತ್ನಿಯ ದೇಹದ ಮೇಲಿರುವಷ್ಟೇ ಅಧಿಕಾರ ಪತ್ನಿಗೂ ಪತಿಯ ದೇಹದ ಮೇಲಿದೆಯೆಂದು ಹೇಳಿದ್ದಾನೆ. ಆ ಕಾಲಕ್ಕೆ ಇದು ಸಾಮಾನ್ಯ ಮಾತಲ್ಲ. ದೇಹಗಳ ಕೂಡುವಿಕೆ ‘ನಾನು ಸಂಪೂರ್ಣವಾಗಿ, ಕಡೆಯವರೆಗೂ ನಿನ್ನವನು’ ಎಂಬ ಅರ್ಥವನ್ನು ಕೊಡುತ್ತದೆ. ಬಾಯಿ ಇನ್ನೂ ಆಡದ ಪ್ರತಿಜ್ಞೆಯನ್ನು ದೇಹ ಮುಂಚಿತವಾಗಿ ಆಡಬಾರದು ಎಂಬುದೇ ಸಭೆಯ ವಾದದ ತಿರುಳು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ನಿಶ್ಚಿತಾರ್ಥವಾದವರಿಗೂ ಈ ಸಂಯಮವನ್ನೇ ವಿಧಿಸಿ, ಆ ಅವಧಿಯನ್ನು ಪರಸ್ಪರ ಗೌರವವನ್ನೂ ನಿಷ್ಠೆಯನ್ನೂ ಕಲಿಯುವ ಕಾಲವೆಂದು ಕಂಡಿದೆ.

ಕೈ ಹಿಡಿಯಬಹುದೇ, ಆಲಿಂಗಿಸಬಹುದೇ ಎಂಬಂಥ ಪಟ್ಟಿಯನ್ನು ಮಾತ್ರ ಬೈಬಲು ಕೊಟ್ಟಿಲ್ಲ. ಆದುದರಿಂದ ಸಭೆಗಳಲ್ಲಿ ಅಭಿಪ್ರಾಯಭೇದ ಉಂಟು. ಕೆಲವು ಪೆಂತೆಕೋಸ್ತ ಸಭೆಗಳಲ್ಲಿ ಇಬ್ಬರೇ ಭೇಟಿಯಾಗುವುದನ್ನೂ ಒಪ್ಪುವುದಿಲ್ಲ. ಪಾಶ್ಚಾತ್ಯ ದೇಶಗಳ ಕೆಲವು ಪ್ರಾಟೆಸ್ಟಂಟ್ ಸಭೆಗಳು ಮದುವೆಗೆ ಮುನ್ನ ಕೂಡಿ ಬಾಳುವವರ ವಿಷಯದಲ್ಲಿಯೂ ಮೃದುವಾಗಿವೆ. ಮಂಗಳೂರು ಧಾರವಾಡಗಳ ಬಾಸೆಲ್ ಮಿಷನ್ ಪರಂಪರೆಯಲ್ಲಿ ಬೆಳೆದವರು ಇಲ್ಲಿ ಸಾಮಾನ್ಯವಾಗಿ ಸೇರುವುದು 1970ರಲ್ಲಿ ರೂಪುಗೊಂಡ ಉತ್ತರ ಭಾರತ ಸಭೆಯನ್ನು. ಅಲ್ಲಿಯೂ ಕಥೋಲಿಕ ಇಗರ್ಜಿಗಳಲ್ಲಿಯೂ ದೇಹಸಂಬಂಧ ವಿವಾಹಕ್ಕೇ ಮೀಸಲೆಂಬ ಬೋಧೆ ಮಾತ್ರ ಒಂದೇ.

ಸಾಕ್ಷಿಗಳು ಏಕೆ ಬೇಕಾದರು?

ಮಧ್ಯಯುಗದ ಯುರೋಪಿನಲ್ಲಿ ಗಂಡು ಹೆಣ್ಣುಗಳು ಏಕಾಂತದಲ್ಲಿ ಪರಸ್ಪರ ಒಪ್ಪಿ ನುಡಿದರೂ ಅದು ವಿವಾಹವೇ ಆಗುತ್ತಿತ್ತು. ಪರಿಣಾಮವೇನು? ಮಾತು ಕೊಟ್ಟು ಕೂಡಿದವನು ನಾಳೆ ಮಾತೇ ಕೊಟ್ಟಿಲ್ಲವೆಂದರೆ ಹುಡುಗಿಯ ಬಳಿ ಸಾಕ್ಷಿಯಿರಲಿಲ್ಲ. ಇಂಥ ಗುಪ್ತ ವಿವಾಹಗಳನ್ನು ತಡೆಯಲು 1215ರ ಲ್ಯಾಟರನ್ ಮಹಾಸಭೆ ಮದುವೆಯನ್ನು ಮೊದಲೇ ದೇವಾಲಯದಲ್ಲಿ ಪ್ರಕಟಿಸಬೇಕೆಂದಿತು. 1563ರಲ್ಲಿ ಟ್ರೆಂಟ್ ಮಹಾಸಭೆ ಧರ್ಮಗುರುವೂ ಇಬ್ಬರು ಮೂವರು ಸಾಕ್ಷಿಗಳೂ ಇಲ್ಲದ ವಿವಾಹ ಸಿಂಧುವಲ್ಲವೆಂದು ವಿಧಿಸಿತು. ನಮ್ಮ ದೇಶದ 1872ರ ಕ್ರೈಸ್ತ ವಿವಾಹ ಕಾಯಿದೆಯಲ್ಲಿ ಪೂರ್ವಸೂಚನೆ ಮತ್ತು ಸಾಕ್ಷಿಗಳ ನಿಯಮಗಳಿವೆ. ಎಂದರೆ, ಮೊದಲು ಎಲ್ಲರೆದುರು ಪ್ರತಿಜ್ಞೆ, ಅನಂತರ ಸಂಸಾರ ಎಂಬ ಕ್ರಮದ ಹಿಂದೆ ಮೋಸಹೋದ ಹೆಣ್ಣಿನ ಕಣ್ಣೀರೂ ಇದೆ.

ಆ ಕಣ್ಣೀರು ಇಂದಿಗೂ ಬತ್ತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೆಯ ಕಲಮು, ನೆರವೇರಿಸುವ ಉದ್ದೇಶವೇ ಇಲ್ಲದೆ ಮದುವೆಯ ಮಾತು ಕೊಟ್ಟು ಸ್ತ್ರೀಯೊಡನೆ ದೇಹಸಂಬಂಧ ಬೆಳೆಸುವುದನ್ನು ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವೆಂದಿದೆ. ನಿಶ್ಚಿತಾರ್ಥವೆಂಬುದು ಅರ್ಧ ಮದುವೆಯೆಂದು ನಂಬಿದವರು ಇನ್ನೊಂದನ್ನು ತಿಳಿಯಬೇಕು. ಗುಜರಾತಿಗಳು ‘ಸಗಾಯಿ’ ಎನ್ನುವ ಈ ಒಪ್ಪಂದದ ಬಲದಿಂದ ಮದುವೆಯಾಗಲೇಬೇಕೆಂದು ಒತ್ತಾಯಿಸುವ ಹಕ್ಕು ಯಾರಿಗೂ ಬರುವುದಿಲ್ಲವೆಂದು 1983ರ ಕಥೋಲಿಕ ಧರ್ಮಸಂಹಿತೆ ಸ್ಪಷ್ಟವಾಗಿ ಹೇಳಿದೆ. ಮದುವೆಯ ದಿನದವರೆಗೂ ‘ಬೇಡ’ ಎನ್ನುವ ಸ್ವಾತಂತ್ರ್ಯ ಇಬ್ಬರಿಗೂ ಇರಬೇಕು; ದೇಹದ ಬಂಧನ ಮೊದಲೇ ಬಿದ್ದರೆ ಆ ಸ್ವಾತಂತ್ರ್ಯ ಕುಂದುತ್ತದೆ.

ಗಡಿ ಇಬ್ಬರಿಗೂ ಒಂದೇ

ನಮ್ಮ ಸಮಾಜದ ದೋಷವೊಂದನ್ನು ಇಲ್ಲಿ ಮರೆಮಾಚಲಾಗದು. ಎಡವಿದ ಹುಡುಗಿಗೆ ಕಳಂಕ, ಹುಡುಗನಿಗೆ ‘ವಯಸ್ಸಿನ ದೋಷ’ ಎಂಬ ರಿಯಾಯತಿ. ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ ಯೇಸುವಿನ ಮುಂದೆ ಎಳೆದು ತಂದದ್ದು ಹೆಂಗಸೊಬ್ಬಳನ್ನೇ. ಮೋಶೆಯ ಧರ್ಮಶಾಸ್ತ್ರ ಇಬ್ಬರನ್ನೂ ಹೊಣೆ ಮಾಡಿದ್ದರೂ ಆ ಗಂಡಸು ಅಲ್ಲಿರಲಿಲ್ಲ. ಕಲ್ಲು ಹಿಡಿದವರಿಗೆ ಯೇಸು ಅವರವರ ಪಾಪವನ್ನು ನೆನಪಿಸಿದನು. ಆಕೆಗೆ ಶಿಕ್ಷೆ ಕೊಡದೆ ಹೊಸ ಬಾಳನ್ನು ತೋರಿಸಿದನು. ಈ ಪ್ರಸಂಗವನ್ನು ಓದಿದ ಬಳಿಕವೂ ಎಡವಿದ ಮಗಳನ್ನು ಮನೆಯಿಂದ ಹೊರಗಟ್ಟುವುದಾಗಲಿ, ಮಾನ ಉಳಿಸಲೆಂದು ಒಲ್ಲದವನಿಗೆ ಅವಸರದಲ್ಲಿ ಕಟ್ಟುವುದಾಗಲಿ ಕ್ರೈಸ್ತರಿಗೆ ತಕ್ಕುದಲ್ಲ. ಬಲಾತ್ಕಾರದಿಂದ ಅಥವಾ ಘೋರ ಭಯದಿಂದ ನಡೆದ ವಿವಾಹ ಸಿಂಧುವೇ ಅಲ್ಲವೆಂಬುದು ಅದೇ ಧರ್ಮಸಂಹಿತೆಯ ಮಾತು. ಇನ್ನು, ಒಬ್ಬರು ಒಲ್ಲೆನೆಂದ ಮೇಲೆ ಮುಂದುವರಿಯುವುದು ಎಡವುವಿಕೆಯಲ್ಲ, ಅಪರಾಧ.

ಹಾಗಾದರೆ ಆ ತರುಣ ತರುಣಿಯರು ಮಾಡತಕ್ಕದ್ದೇನು? ಗಡಿಯನ್ನು ಇಬ್ಬರೂ ಮೊದಲೇ, ಮನಸ್ಸು ಶಾಂತವಾಗಿರುವಾಗ, ಮಾತನಾಡಿ ಗೊತ್ತುಮಾಡಿಕೊಳ್ಳಲಿ. ಆವೇಗದ ಗಳಿಗೆಯಲ್ಲಿ ಯಾರಿಗೂ ವಿವೇಚನೆ ಉಳಿಯುವುದಿಲ್ಲ. ಬಾಡಿಗೆಯ ಕೋಣೆಗಿಂತ ವಡೋದರೆಯ ಸಯಾಜಿ ಬಾಗು, ಅಹಮದಾಬಾದಿನ ಕಾಂಕರಿಯಾ ಕೆರೆಯ ದಂಡೆ ಮಾತುಕತೆಗೆ ಲೇಸು. ವಿವಾಹಪೂರ್ವ ಶಿಬಿರವನ್ನು ಕೇವಲ ಪ್ರಮಾಣಪತ್ರದ ಆಸೆಯಿಂದ ಮುಗಿಸದೆ, ಅಲ್ಲಿ ಸಂಕೋಚವಿಲ್ಲದೆ ಪ್ರಶ್ನೆ ಕೇಳಲಿ.

ಹಿರಿಯರಿಗೂ ಕರ್ತವ್ಯವಿದೆ. ಸಭಾಂಗಣ ಸಿಕ್ಕಲಿಲ್ಲ, ಪರದೇಶದ ಬಂಧುವಿಗೆ ರಜೆಯಿಲ್ಲ ಎಂದು ಮದುವೆಯನ್ನು ವರ್ಷಗಟ್ಟಲೆ ಮುಂದೂಡಿ, ಮಕ್ಕಳಿಂದ ಮಾತ್ರ ಸಂಯಮವನ್ನು ಬಯಸುವುದು ನ್ಯಾಯವಲ್ಲ. ‘ಹುಷಾರಾಗಿರು’ ಎಂಬ ಒಂದು ಮಾತನ್ನು ದೂರವಾಣಿಯಲ್ಲಿ ಹೇಳಿ ಮುಗಿಸುವ ಬದಲು, ತಾಯಿ ಮಗಳೊಡನೆಯೂ ತಂದೆ ಮಗನೊಡನೆಯೂ ಕುಳಿತು ಬಿಚ್ಚುಮನಸ್ಸಿನಿಂದ ಮಾತನಾಡಲಿ. ಊರಿನ ಜಗಲಿಯನ್ನು ನಾವು ಗುಜರಾತಿಗೆ ಹೊತ್ತು ತರಲಾರೆವು. ಆ ಜಗಲಿಯಲ್ಲಿ ಕುಳಿತವರ ವಾತ್ಸಲ್ಯವನ್ನಾದರೂ ತರಬಹುದು. ಮಕ್ಕಳು ತಮ್ಮ ಗಡಿಯನ್ನು ತಾವೇ ಕಾಯಲು ಅದರಿಂದ ಬಲ ಬರುತ್ತದೆ.